ಅಳೆಯೋನು ಹೊರಗಿನೋನು, ಕೊಳಗ ಯಾರದು?

ನಾವು ಸುಳ್ಳು ಹೇಳಿದೆವು. ಇದನ್ನು ಮೊದಲು ಹೇಳಿಬಿಟ್ಟು ಮಿಕ್ಕದ್ದನ್ನು ಆಮೇಲೆ ಮಾತಾಡುವುದು ವಾಸಿ.

ನಾವು ಅಂದರೆ ನಾಲ್ಕು ಜನ. ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷ. ನಾಲ್ವರೂ ಊರಾಚೆಯ ಕೇರಿಗಳಿಂದ ಬಂದವರು. ನಾಲ್ವರ ಮನೆಗೂ ನಮ್ಮದೇ ಮೊದಲ ಡಿಗ್ರಿ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಿಕ್ಕ ವಿಶ್ವವಿದ್ಯಾಲಯಗಳೆಲ್ಲ, ಸದ್ಯ ನಮ್ಮದಲ್ಲ ಎಂದು ಉಸಿರು ಬಿಟ್ಟಾವು.

ಪಾಠ ಹೇಗೆ ನಡೆಯುತ್ತಿದೆ, ಪರೀಕ್ಷೆ ಹೇಗೆ ನಡೆಯುತ್ತಿದೆ, ಇದರ ಗುಣಮಟ್ಟವನ್ನು ಅಳೆಯಲು ಹೊರಗಿನಿಂದ ಒಂದು ತಂಡ ಬರುತ್ತದೆ ಎಂದು ತಿಂಗಳ ಮುಂಚೆಯೇ ಗೊತ್ತಾಯಿತು. ಊರಿಗೆ ಮಂತ್ರಿ ಬರುವಾಗ ಕೇರಿಯ ದಾರಿಗೆ ಕೆಮ್ಮಣ್ಣು ಸುರಿಯುತ್ತಾರಲ್ಲ, ಹಾಗಾಯಿತು. ಗೋಡೆಗೆ ಬಣ್ಣ ಬಂತು. ಎರಡು ವರ್ಷದಿಂದ ಬೀಗ ಬಿದ್ದಿದ್ದ ಕಕ್ಕಸಿನ ಬಾಗಿಲು ತೆರೆಯಿತು. ಹೂಕುಂಡಗಳನ್ನು ಬಾಡಿಗೆಗೆ ತಂದರು. ಇದರಲ್ಲಿ ಹೊಸದೇನಿಲ್ಲ, ಓದುವ ಮೇಷ್ಟ್ರುಗಳಿಗೆ ಶಾಲಾ ತಪಾಸಣೆಯ ದಿನಗಳು ನೆನಪಿರುತ್ತವೆ.

ನಾವು ಹೇಳಬೇಕಾದದ್ದು ಒಂದು ರಾತ್ರಿಯ ವಿಷಯ.

ನಮಗೆ ಪ್ರತಿ ಪತ್ರಿಕೆಯಲ್ಲೂ ನೂರಕ್ಕೆ ಇಪ್ಪತ್ತು ಆಂತರಿಕ ಅಂಕ. ಸೆಮಿಸ್ಟರಿಗೆ ಎರಡು ಟೆಸ್ಟು, ಒಂದು ಸೆಮಿನಾರು ನಡೆಸಿ ಆ ಅಂಕ ಕೊಡಬೇಕು. ಟೆಸ್ಟು ನಡೆದಿರಲಿಲ್ಲ. ಅಂಕ ಮಾತ್ರ ಬಂದಿದ್ದವು! ಈಗ ಹೊರಗಿನವರು ಬಂದು ಉತ್ತರಪತ್ರಿಕೆ ತೋರಿಸಿ ಅಂದರೆ? ಹಾಗಾಗಿ ತಂಡ ಬರುವ ಹಿಂದಿನ ವಾರ ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿ, ಹಳೆಯ ತಾರೀಖು ಹಾಕಿ ಎರಡು ಸೆಮಿಸ್ಟರಿನ ಟೆಸ್ಟುಗಳನ್ನು ಒಂದೇ ರಾತ್ರಿ ಬರೆಸಿದರು. ಒಂದು ಟೆಸ್ಟಿಗೆ ನೀಲಿ ಇಂಕು, ಇನ್ನೊಂದಕ್ಕೆ ಕಪ್ಪು. ಎಲ್ಲ ಒಂದೇ ರಾತ್ರಿಯದು ಅಂತ ಕಾಣಬಾರದಲ್ಲ.

ಬರೆಯಲು ಕೂತಾಗ ಒಂದು ತೊಡಕು ಬಂತು. ಅಂಕ ಮೊದಲೇ ಹಾಕಿ ಆಗಿದೆ. ಉತ್ತರ ಅದಕ್ಕೆ ಹೊಂದಬೇಕು. ಹದಿನೆಂಟು ಬಂದವನು ಹದಿನೆಂಟಕ್ಕೆ ತಕ್ಕಂತೆ ಚೆನ್ನಾಗಿ ಬರೆಯಬೇಕು, ಹನ್ನೊಂದು ಬಂದವನು ಹನ್ನೊಂದಕ್ಕೆ ತಕ್ಕಂತೆ ತಪ್ಪು ಬರೆಯಬೇಕು. ನಮ್ಮ ನಾಲ್ವರದೂ ಹನ್ನೊಂದು, ಹನ್ನೆರಡು. ಹದಿನೆಂಟು ಯಾರದೆಂದು ಹೇಳುವ ಅಗತ್ಯವಿಲ್ಲ. ಗೊತ್ತಿದ್ದ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿದೆವು. ಗೊತ್ತಿದ್ದ ರೇಖಾಚಿತ್ರವನ್ನು ಬೇಡಿಕೆಯ ಗೆರೆ ಮೇಲಕ್ಕೆ ಹೋಗುವ ಹಾಗೆ ತಪ್ಪಾಗಿ ಎಳೆದೆವು. ನಾವು ದಡ್ಡರೆಂಬುದಕ್ಕೆ ನಮ್ಮ ಕೈಬರಹದಲ್ಲೇ ನಾವು ಸಾಕ್ಷಿ ಬರೆದುಕೊಟ್ಟೆವು. ನಮ್ಮಪ್ಪ ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದ. ಅಕ್ಷರ ಕಲಿತ ನಾವು ಅಚ್ಚುಕಟ್ಟಾಗಿ ರುಜು ಹಾಕಿದೆವು.

ಮೇಲ್ವಿಚಾರಣೆಗೆ ಕೂರಿಸಿದ್ದು ನಮ್ಮ ಅತಿಥಿ ಉಪನ್ಯಾಸಕರನ್ನು. ನಮ್ಮ ಕೇರಿಯವರೇ. ತಿಂಗಳುಗಟ್ಟಲೆ ಸಂಬಳ ಕಾಣದವರು. ರಾತ್ರಿ ಹನ್ನೊಂದಕ್ಕೆ ತಮ್ಮ ಜೇಬಿನಿಂದ ಟೀ ತರಿಸಿಕೊಟ್ಟು, ‘ಹೊಟ್ಟೆಗ್ ಹಾಕ್ಕೊಳ್ರಪ್ಪ’ ಅಂದರು. ಟೀ ಬಗ್ಗೆ ಅಂದ ಮಾತಲ್ಲ ಅದು.

ತಂಡ ಬಂತು. ಸಭ್ಯರು, ವಯಸ್ಸಾದವರು. ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ವಿಭಾಗದ ಮೇಷ್ಟ್ರುಗಳನ್ನೆಲ್ಲ ಹೊರಗೆ ಕಳಿಸಿಯೇ ಮಾತಾಡಿದರು. ಅವರ ಕಡೆಯಿಂದ ಕೊರತೆ ಇರಲಿಲ್ಲ ಎಂದೇ ಹೇಳಬೇಕು. ಟೆಸ್ಟುಗಳು ಹೊತ್ತಿಗೆ ಸರಿಯಾಗಿ ನಡೆಯುತ್ತವೆಯೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ಎಸ್ ಸರ್’ ಅಂದೆವು. ಎಲ್ಲರಿಗಿಂತ ಜೋರಾಗಿ ನಾವೇ ಅಂದೆವೇನೋ.

ಯಾಕೆ ಅಂದೆವು? ಈ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಭಯ ಅಂದರೆ ಸುಲಭವಾಗಿಬಿಡುತ್ತದೆ. ಭಯ ಇತ್ತು, ನಿಜ. ಮುಂದಿನ ಸೆಮಿಸ್ಟರಿನ ಇಪ್ಪತ್ತು ಅಂಕವೂ ಅದೇ ಕೈಯಲ್ಲಿತ್ತು, ತಂಡ ಮೂರು ದಿನಕ್ಕೆ ಹೊರಟುಹೋಗುವಂಥದ್ದು. ಆದರೆ ಭಯಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವಿತ್ತು. ನಾವು ನಿಜ ಹೇಳಿದ್ದರೆ ಮೊದಲು ಬೀದಿಗೆ ಬೀಳುತ್ತಿದ್ದವರು ಟೀ ಕೊಡಿಸಿದವರು. ಅಂಕ ಹಾಕಿದವರ ಕುರ್ಚಿ ಅಲ್ಲಾಡುತ್ತಿರಲಿಲ್ಲ. ಇನ್ನು ಗ್ರೇಡು ಇಳಿದರೆ ಬೆಲೆ ಇಳಿಯುವುದು ಯಾರ ಸರ್ಟಿಫಿಕೇಟಿಗೆ? ಮನೆತನದ ಹೆಸರು, ಮಾವನ ಶಿಫಾರಸು ಇರುವವನಿಗೆ ಡಿಗ್ರಿ ಒಂದು ಒಡವೆ. ನಮಗೆ ಅದೊಂದೇ ಬಟ್ಟೆ. ಮೊದಲೇ ‘ಕೋಟಾದ ಡಿಗ್ರಿ’ ಎಂದು ಕಿಸಕ್ಕನೆ ನಗುವ ಜನ. ಅದರ ಮೇಲೆ ಕಳಪೆ ಯೂನಿವರ್ಸಿಟಿಯ ಮುದ್ರೆಯನ್ನೂ ನಾವೇ ಕೇಳಿ ಒತ್ತಿಸಿಕೊಳ್ಳಬೇಕೆ?

ನಿಜದ ದಂಡವನ್ನು ಬಡವನೇ ಕಟ್ಟಬೇಕಾದ ಕಡೆ ಬಡವ ಹೇಳುವ ಸುಳ್ಳು ಎಂಥ ಪಾಪ? ಪಾಪವೇ ಅಲ್ಲ ಎಂದು ನಾವು ವಾದಿಸುತ್ತಿಲ್ಲ. ಅಂದು ನಾವು ಬರೆದ ಸುಳ್ಳು, ನಮ್ಮ ಹಿಂದೆ ಬರುವ ಹುಡುಗರಿಗೂ ಹನ್ನೊಂದೇ ಸರಿ ಎಂಬ ದಾಖಲೆಯಾಗಿ ಕೂತಿದೆ.

ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆವು. ಅವ್ವ ಸುಗ್ಗಿಯಲ್ಲಿ ಕಣದ ಅಳತೆ ಕಂಡವಳು. ಗೌಡರ ಮನೆಯಲ್ಲಿ ಎರಡು ಕೊಳಗ ಇದ್ದವಂತೆ, ಈಸಿಕೊಳ್ಳುವುದಕ್ಕೆ ಒಂದು, ಕೊಡುವುದಕ್ಕೆ ಒಂದು. ಒಮ್ಮೆ ಕೂಲಿಯವರು ಗಲಾಟೆ ಮಾಡಿದ್ದಕ್ಕೆ, ನ್ಯಾಯವಾಗಿರಲಿ ಎಂದು ಗೌಡರು ಪಕ್ಕದೂರಿನಿಂದ ಅಳೆಯುವವನನ್ನು ಕರೆಸಿದರು. ಅವ್ವ ಅಂದಳು: ‘ಅಳೆಯೋನು ಬ್ಯಾರೆ ಊರೋನಾದ್ರೆ ಏನ್ ಬಂತು ಮಗ, ಕೊಳಗ ಗೌಡ್ರುದೇ ಅಲ್ವಾ?’

ಹೊರಗಿನ ಪರಿಶೀಲನೆ ಎಂಬ ಇಡೀ ತತ್ವದ ಬುಡಕ್ಕೇ ಅವ್ವ ಕೈ ಹಾಕಿದಳು. ಒಳಗಿನವರಿಗೆ ಪಕ್ಷಪಾತ ಇರುತ್ತದೆ, ದೂರದವರಿಗೆ ಇರುವುದಿಲ್ಲ. ಆದ್ದರಿಂದ ದೂರವೇ ನ್ಯಾಯ. ಇದು ತತ್ವ. ಆದರೆ ಹೊರಗಿನವರು ಅಂದರೆ ಯಾರು? ನಮ್ಮ ನಾಡಿನಲ್ಲಿ ‘ಹೊರಗಿನವರು’ ಎಂಬ ಮಾತಿಗೆ ಸಾವಿರಾರು ವರ್ಷದಿಂದ ಒಂದೇ ಅರ್ಥ. ಹೊರಕೇರಿಯವರು, ಬಾಗಿಲಾಚೆ ನಿಲ್ಲಬೇಕಾದವರು. ತಂಡದಲ್ಲಿ ಬಂದವರು ಊರಿಗೆ ಹೊರಗಿನವರು, ವ್ಯವಸ್ಥೆಗೆ ಒಳಗಿನವರು. ತರಗತಿಯ ಹಿಂದಿನ ಬೆಂಚಿನ ನಾವು ಊರಿಗೆ ಒಳಗಿನವರು, ವ್ಯವಸ್ಥೆಗೆ ಹೊರಗಿನವರು. ಅಳೆಯುವ ಕೆಲಸ ನಮಗೆ ಯಾವತ್ತು ಬಂದಿದೆ?

ಇಂಥ ತಂಡಕ್ಕೆ ಪಿಯರ್ ಟೀಮ್ ಎಂದು ಹೆಸರು. ಪಿಯರ್ ಅಂದರೆ ಸರೀಕರು. ಸರೀಕರ ಮುಂದೆ ಮಾನ ಕಳೆಯಬೇಡ ಎನ್ನುತ್ತಾರಲ್ಲ ಹಳ್ಳಿಯಲ್ಲಿ, ಅದೇ ಸರೀಕರು. ಪ್ರೊಫೆಸರನ ಸರೀಕ ಪ್ರೊಫೆಸರ್, ಕುಲಪತಿಯ ಸರೀಕ ಕುಲಪತಿ. 1994ರಲ್ಲಿ ಯುಜಿಸಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ನ್ಯಾಕ್ ಸಂಸ್ಥೆ ಕಟ್ಟಿತು. 2017ರ ಚೌಕಟ್ಟಿನಲ್ಲಿ ಅದು ವಿಶ್ವವಿದ್ಯಾಲಯಗಳನ್ನು ಅಳೆಯಲು ಏಳು ಮಾನದಂಡ, ಒಟ್ಟು 1000 ಅಂಕ ಇಟ್ಟಿತು. ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ 200, ಸಂಶೋಧನೆಗೆ 250. ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಸಮೀಕ್ಷೆಯನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಸಮೀಕ್ಷೆಯ ಉತ್ತರಗಳೆಲ್ಲ ಕೂಡಿ, ಭಾಗಿಸಿ, ಕೊನೆಗೆ ಒಂದು ಸರಾಸರಿ ಆಗುತ್ತದೆ. ನಲವತ್ತು ಜನರ ಸರಾಸರಿಯಲ್ಲಿ ನಾಲ್ಕು ಜನರ ಹನ್ನೊಂದು ಎಲ್ಲಿ ಕಾಣುತ್ತದೆ? ಸರಾಸರಿಗೆ ಕೇರಿ ಇಲ್ಲ. 2024ರ ಜನವರಿಯಲ್ಲಿ ನ್ಯಾಕ್, ಎ, ಬಿ ಶ್ರೇಣಿ ಬಿಟ್ಟು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಮಾತಿಗೆ ಹೋಗುವುದಾಗಿ ಪ್ರಕಟಿಸಿತು. 2025ರ ಫೆಬ್ರವರಿಯಲ್ಲಿ, ಗುಂಟೂರು ಜಿಲ್ಲೆಯ ಒಂದು ಖಾಸಗಿ ಸಂಸ್ಥೆಗೆ ಒಳ್ಳೆ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿತು. ಪತ್ರಿಕೆಗಳು ಬೆಚ್ಚಿಬಿದ್ದವು. ನಮಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. ನಮ್ಮಲ್ಲಿಗೆ ಬಂದವರು ಒಂದು ಪೈಸೆಯನ್ನೂ ಮುಟ್ಟದೆ ನಮ್ಮ ಸುಳ್ಳು ತುಂಬಿಕೊಂಡು ಹೋದರಲ್ಲ!

ಅಳೆಯುವುದನ್ನೇ ಓದಿಸುವುದೆಂದುಕೊಂಡದ್ದು ನಮ್ಮ ವಿಶ್ವವಿದ್ಯಾಲಯಗಳ ಹುಟ್ಟಿನಲ್ಲೇ ಇದೆ. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಅವು ಶುರುವಾದದ್ದು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ, ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಗಳಾಗಿ. ಪಾಠ ಬೇರೆಲ್ಲೋ, ಪರೀಕ್ಷೆ ಮಾತ್ರ ಇಲ್ಲಿ. 1924ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಸುಧಾರಣಾ ಸಮಿತಿ ಪ್ರಶ್ನಾವಳಿ ಕಳಿಸಿದಾಗ ಬಾಬಾಸಾಹೇಬರು ತಮ್ಮ ಉತ್ತರದಲ್ಲಿ ಹಿಡಿದದ್ದು ಇದೇ ನರವನ್ನು. ಪರೀಕ್ಷೆ ನಡೆಸುವುದಷ್ಟೇ ವಿಶ್ವವಿದ್ಯಾಲಯವಲ್ಲ, ಬೋಧನೆ ಅದರ ಜೀವ ಎಂಬುದು ಅವರ ವಾದ. 1927ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವಿಶ್ವವಿದ್ಯಾಲಯದ ಮಸೂದೆ ಚರ್ಚೆಗೆ ಬಂದಾಗಲೂ, ಉನ್ನತ ಶಿಕ್ಷಣ ಬಡವರ, ಹಿಂದುಳಿದವರ ಬಾಗಿಲಿಗೆ ಬರಬೇಕೆಂದು ಕೇಳಿದರು. ಹೇಗೆ ಅಳೆಯುತ್ತೀರಿ ಎನ್ನುವುದಕ್ಕೆ ಮುಂಚೆ ಯಾರಿಗೆ ಏನು ಕಲಿಸಿದಿರಿ ಎಂದು ಅವರು ಕೇಳುತ್ತಿದ್ದರು. ನಮ್ಮ ತಂಡದವರು ಈ ಕ್ರಮವನ್ನು ತಿರುಗಿಸಿಬಿಟ್ಟಿದ್ದರು.

ಹಾಗಂತ ದೂರ ಅನ್ನುವುದೇ ದಂಡವೆ? ಇಲ್ಲಿ ನಾವು ನಮ್ಮ ಸಿಟ್ಟಿಗೆ ಸ್ವಲ್ಪ ಲಗಾಮು ಹಾಕಬೇಕು. ನಮ್ಮನ್ನು ಪಾಸು ಮಾಡಿದ್ದು ದೂರದವರೇ. ನಮ್ಮ ಕಡೆ ಎಂ.ಎ. ಉತ್ತರಪತ್ರಿಕೆಯನ್ನು ಒಳಗಿನವರು ಒಬ್ಬರು, ಹೊರಗಿನವರು ಒಬ್ಬರು ನೋಡುವ ಪದ್ಧತಿ ಹಳೆಯದು. ಪತ್ರಿಕೆಯ ಮೇಲೆ ಹೆಸರಿಲ್ಲ, ಕೋಡ್ ನಂಬರ್ ಮಾತ್ರ. ಆಂತರಿಕದಲ್ಲಿ ಹನ್ನೊಂದು ಬಂದ ನಮಗೆ ಆ ಲಿಖಿತ ಪರೀಕ್ಷೆಯಲ್ಲಿ ಅರವತ್ತರ ಮೇಲೆ ಬಂತು. ಯಾವ ಊರಿನ ಯಾರೋ, ನಮ್ಮ ಮುಖ ಕಾಣದವರು, ಬರೆದದ್ದನ್ನು ಮಾತ್ರ ನೋಡಿ ಅಂಕ ಹಾಕಿದರು. ಆ ಅಪರಿಚಿತರಿಗೆ ನಾವು ಋಣಿ. ಅದೇ ನಾವು ವೈವಾಗೆ ಹೋಗಿ ಕೂತರೆ ಮೊದಲನೆ ಪ್ರಶ್ನೆ, ‘ಯಾವೂರು? ಅಪ್ಪ ಏನ್ ಮಾಡ್ತಾರೆ?’ ಮೂರನೆಯದು ಮುಗಿಯುವಷ್ಟರಲ್ಲಿ ಜಾತಿ ಮೇಜಿನ ಮೇಲೆ ಬಂದು ಕೂತಿರುತ್ತದೆ. ಆಮೇಲೆ ಕೇನ್ಸ್ ಬಗ್ಗೆ ಕೇಳುತ್ತಾರೆ.

ಇದು ನಾಲ್ಕು ಜನರ ಗೋಳಲ್ಲ. ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯದ ದೂರು ಎದ್ದಾಗ ಸುಖದೇವ್ ಥೋರಟ್ ನೇತೃತ್ವದ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಮೌಖಿಕ ಪರೀಕ್ಷೆಯಲ್ಲಿ ಜಾತಿ ಕೇಳುತ್ತಾರೆ, ನಮಗೆ ಕೊಡುವ ಹೊತ್ತೇ ಕಡಿಮೆ ಎಂದು ದಲಿತ, ಆದಿವಾಸಿ ವಿದ್ಯಾರ್ಥಿಗಳು ಆ ಸಮಿತಿಗೆ ಹೇಳಿದ್ದರು. ಜೆಎನ್‌ಯುನಲ್ಲಿ ಅಬ್ದುಲ್ ನಫೆ ಸಮಿತಿ ಪ್ರವೇಶ ಪರೀಕ್ಷೆಯ ಲಿಖಿತ ಅಂಕ, ಮೌಖಿಕ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಸಾಮಾಜಿಕ ಗುಂಪುಗಳ ನಡುವೆ ಅಂತರ ಕಂಡು, ಮೌಖಿಕದ ಭಾರ ಇಳಿಸಬೇಕೆಂದು 2016ರಲ್ಲಿ ಹೇಳಿತು. ಗಮನಿಸಿ, ಈ ಸಮಿತಿಗಳು ಹೂಕುಂಡ ಎಣಿಸಲಿಲ್ಲ. ಒಂದು ಸಮಿತಿ ನೊಂದವರನ್ನು ಹುಡುಕಿ ಕೇಳಿತು, ಇನ್ನೊಂದು ಯಾರಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ನೋಡಿತು. ಪರಿಶೀಲನೆ ಅಂದರೆ ಹೀಗೂ ಇರುತ್ತದೆ.

ಆದ್ದರಿಂದ ದೂರದಲ್ಲೂ ಎರಡು ಬಗೆ ಇದೆ ಎಂದು ನಮಗೆ ತೋರುತ್ತದೆ. ನಮ್ಮ ಹೆಸರನ್ನು ಮರೆಸಿ ಬರಹವನ್ನು ನೋಡುವ ದೂರ ಒಂದು. ನಮ್ಮ ಮಾತೇ ಕೇಳಿಸದಷ್ಟು ಎತ್ತರದಲ್ಲಿ ಕೂತ ದೂರ ಇನ್ನೊಂದು. ವಿದ್ಯಾರ್ಥಿಯನ್ನು ಅಳೆಯುವಾಗ ಮೊದಲನೆಯದು ಬೇಕು. ಮೇಷ್ಟ್ರನ್ನೂ ವಿಭಾಗವನ್ನೂ ಅಳೆಯುವಾಗ ದೂರವೇ ಬೇಡ. ಹತ್ತಿರ ಬೇಕು, ಹಾಸ್ಟೆಲಿನ ಚಾಪೆ ಮೇಲೆ ಕೂತು, ಕನ್ನಡದಲ್ಲಿ, ರಾತ್ರಿ ಹನ್ನೊಂದರ ತನಕ ಕೇಳುವಷ್ಟು ಹತ್ತಿರ. ನಡೆಯುತ್ತಿರುವುದು ತಿರುಗಾಮುರುಗಾ. ಆಂತರಿಕ ಅಂಕ, ವೈವಾ ಅಂತ ವಿದ್ಯಾರ್ಥಿಯ ಮೂಗಿನ ತನಕ ಬಂದು ಜಾತಿ ಮೂಸುತ್ತಾರೆ; ವಿಭಾಗವನ್ನು ಮಾತ್ರ ಸಭಾಂಗಣದ ಎ.ಸಿ.ಯಿಂದ ನೋಡುತ್ತಾರೆ.

ಒಂದು ದಾರಿ ಇದೆ, ಗೆಳೆಯರಿಗೆ ತಿಳಿದಿರಲಿ. ಅಭ್ಯರ್ಥಿ ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು, ಪ್ರತಿ ಪಡೆಯಬಹುದು ಎಂದು ಸುಪ್ರೀಂ ಕೋರ್ಟು 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಹಾಳೆ ಸಾಕು.

ಮೊನ್ನೆ ಹಾಸ್ಟೆಲಿನ ಒಬ್ಬ ಹುಡುಗ ಬಂದಿದ್ದ. ಈಗಲೂ ಹಾಗೇ ನಡೀತಿದೆ ಅಂದ. ‘ಅಣ್ಣ, ನಿಮ್ಮ ಟೆಸ್ಟ್ ಪೇಪರ್‌ನ ನೀವೇ ಯಾಕೆ ಕೇಳಬಾರದು? ಸಿಕ್ಕಿದ್ರೆ ಆ ತಾರೀಖಲ್ಲಿ ಡಿಪಾರ್ಟ್‌ಮೆಂಟ್ ತೆರೆದಿತ್ತೋ ಇಲ್ಲವೋ ನೋಡಬಹುದಲ್ಲ.’ ನಾವು ತಾರೀಖು ಹಾಕಿದ್ದ ದಿನಗಳಲ್ಲಿ ಒಂದು ಭಾನುವಾರವೂ ಇತ್ತೆಂದು ಆಗ ನೆನಪಾಯಿತು. ಆ ಪತ್ರಿಕೆಗಳು ಹೊರಗೆ ಬಂದರೆ ಅವರ ಅಂಕದ ಜೊತೆ ನಮ್ಮ ಕೈಬರಹವೂ ಹೊರಗೆ ಬರುತ್ತದೆ. ಬರಲಿ ಅಂದುಕೊಂಡು ಅರ್ಜಿ ಬರೆದೆವು. ನಾಲ್ವರಲ್ಲಿ ಮೂವರು ರುಜು ಹಾಕಿದ್ದೇವೆ. ನಾಲ್ಕನೆಯವನು ಈಗ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕ.