ಅವನು ಹೇಳಿದ್ದೋ, ನಾನು ಹೇಳಿಸಿದ್ದೋ

ಊರು ಬಿಟ್ಟು ಬಂದು ಇಲ್ಲಿ ನೆಲೆ ನಿಂತ ನಮ್ಮಂಥ ಕ್ರೈಸ್ತರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ: ‘ದೇವರು ನಡೆಸಿದ.’ ಡೊಂಬಿವಲಿಯಲ್ಲಿ ಯಾರದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ ಸೇರಿದಾಗ ಸಾಕ್ಷಿ ಹೇಳಲು ಎದ್ದವರು ಹೀಗೇ ಶುರು ಮಾಡುತ್ತಾರೆ. ಕಲ್ಯಾಣದಲ್ಲಿ ಮನೆ ಆಯಿತು, ದೇವರು ನಡೆಸಿದ. ಮಗಳಿಗೆ ನವಿ ಮುಂಬಯಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತು, ದೇವರು ನಡೆಸಿದ. ನಾನೂ ಎಷ್ಟೋ ಸಲ ಹೀಗೇ ಹೇಳಿದ್ದೇನೆ. ಸುಳ್ಳು ಹೇಳಿದ್ದೇನೆ ಅಂತಲ್ಲ. ಆದರೆ 2020ರಲ್ಲಿ ಬ್ಯಾಂಕಿನಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಈ ಮಾತು ನಮ್ಮ ಬಾಯಿಗೆ ಬರುವುದು ಬಹುಮಟ್ಟಿಗೆ ನಮಗೆ ಬೇಕಾದದ್ದು ಸಿಕ್ಕಾಗ. ಕೇಳಿದ ವರ್ಗಾವಣೆ ಸಿಗದಿದ್ದರೆ ‘ಮೇಲಿನವರ ರಾಜಕೀಯ’ ಅನ್ನುತ್ತೇವೆ. ಅದನ್ನು ದೇವರ ಲೆಕ್ಕಕ್ಕೆ ಹಚ್ಚುವುದಿಲ್ಲ.

ಹಾಗಾದರೆ ದೇವರು ನಡೆಸಿದ್ದು ಯಾವುದು, ನಾವೇ ನಡೆದದ್ದು ಯಾವುದು? ಇದನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಪಾಲಕರಲ್ಲ. ಬೆಟಗೇರಿಯ ನನ್ನ ಅವ್ವ.

ನಮ್ಮದು ನೇಕಾರರ ಮನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂದರು. ಆ ಕಾಲದಲ್ಲಿ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ 1982ರಲ್ಲಿ ಬ್ಯಾಂಕು ಸೇರಿದೆ. 1986ರಲ್ಲಿ ಮುಂಬಯಿಗೆ ವರ್ಗವಾಯಿತು. ‘ಮೂರು ವರ್ಷ ಇದ್ದು ಬರ್ತೀನಿ’ ಅಂತ ಅವ್ವನಿಗೆ ಹೇಳಿ ಬಂದವನು ಡೊಂಬಿವಲಿಯಲ್ಲಿ ಬಾಡಿಗೆ ಮನೆ ಹಿಡಿದೆ. ಆಗ ಊರ ಕಡೆಯಿಂದ ಬಂದವರು ಬಹಳ ಮಂದಿ ಮಾಡುತ್ತಿದ್ದದ್ದೂ ಇದೇ. ನೌಕರಿ ಮುಂಬಯಿಯಲ್ಲಿ, ನಿದ್ದೆ ಡೊಂಬಿವಲಿಯಲ್ಲಿ, ಉಳಿದ ಆಯುಷ್ಯ ಲೋಕಲ್ ಗಾಡಿಯಲ್ಲಿ.

1997ರಲ್ಲಿ ನನಗೆ ಬಡ್ತಿ ಬಂತು. ಕೇಳಿಕೊಂಡರೆ ಹುಬ್ಬಳ್ಳಿ ಕಡೆ ಶಾಖೆ ಸಿಗುವ ಹಾಗಿತ್ತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ಒಬ್ಬಳೇ ಇದ್ದಳು. ಅದೇ ಹೊತ್ತಿಗೆ ಡೊಂಬಿವಲಿ ಪೂರ್ವದಲ್ಲಿ ಒಂದು ಫ್ಲಾಟು ನೋಡಿದ್ದೆವು. ಹೆಂಡತಿಗೆ ಇಲ್ಲೇ ಶಾಲೆಯಲ್ಲಿ ಕೆಲಸ, ಮಕ್ಕಳು ಇಲ್ಲೇ ಓದುತ್ತಿದ್ದವು. ಏನು ಮಾಡಬೇಕು ಅಂತ ಪ್ರಾರ್ಥನೆ ಮಾಡಿದೆ. ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆ ಹಾಸಿ ದೇವರಿಂದ ಗುರುತು ಕೇಳಿದ ಕತೆ ಸತ್ಯವೇದದ ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿದೆ. ನಾನೂ ಹಾಗೇ ಒಂದು ಗುರುತು ಕೇಳಿದೆ: ಈ ತಿಂಗಳೊಳಗೆ ಮನೆ ಸಾಲ ಮಂಜೂರಾದರೆ ಇಲ್ಲೇ ಇರಬೇಕೆಂದು ನಿನ್ನ ಚಿತ್ತ ಅಂದುಕೊಳ್ಳುತ್ತೇನೆ ಸ್ವಾಮಿ!

ಸಾಲ ಮಂಜೂರಾಯಿತು. ಆಗದೆ ಏನು? ನಾನು ಅದೇ ಬ್ಯಾಂಕಿನ ಅಧಿಕಾರಿ. ಸಿಬ್ಬಂದಿಯ ಮನೆ ಸಾಲ ಎಷ್ಟು ದಿನದಲ್ಲಿ ಆಗುತ್ತದೆ, ಯಾವ ಕಾಗದ ಯಾರ ಮೇಜಿನ ಮೇಲೆ ಇರುತ್ತದೆ, ನನಗೆ ಗೊತ್ತಿಲ್ಲದ್ದೇನಿತ್ತು? ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ದೇವರ ಮುಂದೆ ಇಟ್ಟಿದ್ದೆ. ಊರಿಗೆ ಹೋಗಿ ಅವ್ವನಿಗೆ, ‘ದೇವರ ಚಿತ್ತ ಹಂಗ ಐತೆವ್ವಾ, ಅಲ್ಲೇ ಇರು ಅಂತಾನ’ ಎಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ‘ಅವ ಹೇಳಿದ್ದೋ, ನೀ ಹೇಳಿಸಿದ್ದೋ?’ ಎಂದು ಕೇಳಿದಳು. ಸಿಟ್ಟಿನಿಂದಲ್ಲ. ನಾನು ನಕ್ಕು ಮಾತು ತೇಲಿಸಿದೆ.

2003ರ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಪಕ್ಕದ ಓಣಿಯಲ್ಲಿದ್ದ ನನ್ನ ತಂಗಿಯೇ ಕಡೆಯತನಕ ನೋಡಿಕೊಂಡಳು. ನಾನು ಮುಟ್ಟಿದಾಗ ಸಮಾಧಿಯ ಮೇಲಿನ ಮಣ್ಣು ಇನ್ನೂ ಹಸಿ ಇತ್ತು. ಇಲ್ಲಿ ಉಳಿದದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ಹೆಂಡತಿಯ ಕೆಲಸ, ಮಕ್ಕಳ ಓದು ಸಣ್ಣ ಕಾರಣಗಳಲ್ಲ. ‘ಅವ್ವಾ, ನನಗೆ ಇಲ್ಲಿರೂದು ಬೇಕಾಗೇತಿ’ ಎಂದು ನೇರ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅವಳು ಎರಡು ಮಾತು ಬೈದು, ತನಗೇನು ಬೇಕು ಅಂತಾದರೂ ಹೇಳುತ್ತಿದ್ದಳು. ನಾನು ದೇವರ ಹೆಸರು ತಂದ ಮೇಲೆ ಆಕೆಗೆ ಹೇಳಲು ಏನೂ ಉಳಿಯಲಿಲ್ಲ. ದೇವರ ಎದುರು ಯಾರು ವಾದ ಮಾಡುತ್ತಾರೆ? ನನ್ನ ಆಸೆಗೆ ನಾನು ಅವನ ಸಹಿ ಹಾಕಿದ್ದೆ.

ಸಹಿಯ ಮಾತು ಬಂತು, ಅದನ್ನೇ ಸ್ವಲ್ಪ ಬೆಳೆಸುತ್ತೇನೆ. ನಮ್ಮ ಕಾಲದಲ್ಲಿ ಚೆಕ್ಕು ಬಂದರೆ ಮಾದರಿ ಸಹಿಯ ಕಾರ್ಡು ತೆಗೆದು ಹೋಲಿಸಿ ನೋಡುತ್ತಿದ್ದೆವು. ಗಿರಾಕಿ ಎಷ್ಟೇ ದೊಡ್ಡವನಿರಲಿ, ಸಹಿ ಹೊಂದದಿದ್ದರೆ ಹಣ ಕೊಡುವಂತಿಲ್ಲ. ಕ್ರೈಸ್ತನಾದವನಿಗೆ ಅಂಥ ಮಾದರಿ ಯೇಸುಸ್ವಾಮಿಯ ನಡತೆ. ಗೆತ್ಸೆಮನೆ ತೋಟದಲ್ಲಿ ಆತ ಮೊದಲು ತನಗೇನು ಬೇಕು ಅನ್ನುವುದನ್ನು ಮರೆಮಾಚದೆ ಹೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟ. ಎರಡನ್ನೂ ಕಲಸಲಿಲ್ಲ. ಆ ಚಿತ್ತದ ಖರ್ಚನ್ನು ತಾನೇ ಹೊತ್ತ, ಇನ್ನೊಬ್ಬರ ಖಾತೆಗೆ ಹಚ್ಚಲಿಲ್ಲ. ನನ್ನ 1997ರ ‘ದೇವರ ಚಿತ್ತ’ದ ಖರ್ಚು ಪೂರಾ ಅವ್ವನ ಖಾತೆಗೆ ಬಿತ್ತು. ಸಹಿ ಹೊಂದುವುದಿಲ್ಲ ಅನ್ನಲು ಇಷ್ಟು ಸಾಕು.

ಬ್ಯಾಂಕಿನಲ್ಲಿ ಇನ್ನೊಂದು ನಿಯಮ ಇದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ತಪಾಸಣೆ ಮಾಡಬೇಕು. ಮಾರ್ಗದರ್ಶನದ ವಿಷಯದಲ್ಲೂ ಇದು ಬೇಕು. 16ನೆಯ ಶತಮಾನದಲ್ಲಿದ್ದ ಲೊಯೊಲಾದ ಇಗ್ನೇಷಿಯಸ್ ಮನಸ್ಸಿನ ಏರಿಳಿತಗಳನ್ನು ವಿವೇಚಿಸುವ ಬಗ್ಗೆ ವಿವರವಾಗಿ ಬರೆದಿದ್ದಾರೆ. ಮನಸ್ಸು ಕುಗ್ಗಿ ಕತ್ತಲೆಯಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡಿ ಎನ್ನುವುದು ಅವರ ಒಂದು ಸಲಹೆ. ಒಳಗಿನ ತಳಮಳವನ್ನು ಗುಟ್ಟಾಗಿಡದೆ ತಿಳಿದವರ ಮುಂದೆ ಬಿಚ್ಚಿಡಿ ಎನ್ನುವುದು ಇನ್ನೊಂದು. ನಾವು ಪ್ರೊಟೆಸ್ಟಂಟರು ಅವರನ್ನು ಅಷ್ಟಾಗಿ ಓದುವುದಿಲ್ಲ, ಓದಬೇಕು. ನನ್ನ ಮಟ್ಟಿಗೆ ಆ ತಪಾಸಣೆಯ ಅಧಿಕಾರಿ ಅವ್ವನೇ ಆಗಿದ್ದಳು. ಅವಳು ಆಕ್ಷೇಪಣೆ ಬರೆದಳು, ನಾನು ಓದದೆ ಮುಂದೆ ಕಳಿಸಿದೆ.

ಹಾಗಾದರೆ ನಿಜವಾಗಿ ದೇವರು ನಡೆಸಿದ್ದು ಹೇಗಿರುತ್ತದೆ? ಕಲ್ಯಾಣದಲ್ಲಿ ರೈಲು ಹತ್ತಿ ಸೊಲ್ಲಾಪುರದ ಮೇಲೆ ಊರಿಗೆ ಹೋಗುವಾಗ ಪುಣೆ ದಾಟಿ ದೌಂಡಿನ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಶನ್ ಅಲ್ಲಿದೆ. ಆಕೆ ನಮ್ಮ ನಾಡಿನಲ್ಲೇ ಹುಟ್ಟಿದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಮುಂದೆ ಆ ಕುಟುಂಬ ಊರೂರು ಅಲೆಯಿತು. 1870ರ ದಶಕದ ಬರದಲ್ಲಿ ತಂದೆತಾಯಿ ಹಸಿವಿನಿಂದ ಬಳಲಿ ತೀರಿಕೊಂಡರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದರು. ಸದನದ ಖರ್ಚಿಗೆ ಆದಾಯವಾಗಲಿ ಎಂದು ಕೇಡಗಾಂವದಲ್ಲಿ ತೋಟಕ್ಕೆ ಜಮೀನು ಕೊಂಡರು.

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊರಟು ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭಯ, ಅಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಆಗ ನೆರಳಾದದ್ದು ಆ ತೋಟದ ಜಮೀನು. ಕೊಳ್ಳುವಾಗ ಅದು ಬರಿಯ ಆದಾಯದ ಲೆಕ್ಕ. ಅದರ ಅರ್ಥ ಆಮೇಲೆ ತಿಳಿಯಿತು. ಇದನ್ನು ನೋಡಿ ನನಗೆ ಎರಡು ವಿಷಯ ಅನ್ನಿಸುತ್ತದೆ. ದೇವರು ನಡೆಸಿದ್ದು ಹಿಂದಿರುಗಿ ನೋಡಿದಾಗ ಕಾಣುವಷ್ಟು ಸ್ಪಷ್ಟವಾಗಿ ಮುಂದೆ ನೋಡುವಾಗ ಕಾಣುವುದಿಲ್ಲ. ಮುಂದೆ ನೋಡುವಾಗ ಕಾಣುವುದು ಎದುರಿಗಿರುವ ಮನುಷ್ಯ ಮಾತ್ರ.

ನನ್ನ ಅನುಭವವೂ ಸಣ್ಣ ಪ್ರಮಾಣದಲ್ಲಿ ಇದೇ. ನಿವೃತ್ತನಾದ ಮೇಲೆ, ನನಗೊಂದು ಸೇವೆ ತೋರಿಸು ಅಂತ ಪ್ರಾರ್ಥನೆ ಮಾಡುತ್ತಿದ್ದೆ. ನಿಜ ಹೇಳುತ್ತೇನೆ, ಮನಸ್ಸಿನಲ್ಲಿ ಇದ್ದದ್ದು ಸಭೆಯ ಕಮಿಟಿ, ಮೈಕು, ಎದುರಿಗೆ ಸಾಲು ಕುರ್ಚಿ. 2022ರಲ್ಲಿ ಒಂದು ದಿನ ನಮ್ಮ ಸಭೆಯವರೊಬ್ಬರನ್ನು ನೋಡಲು ಖಾರಘರದ ಟಾಟಾ ಕೇಂದ್ರಕ್ಕೆ ಹೋಗಿದ್ದೆ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯದೇ ಅಂಗ ಅದು. ಕ್ಯಾನ್ಸರಿನ ಸಂಶೋಧನೆ, ಚಿಕಿತ್ಸೆ ಎರಡೂ ಅಲ್ಲಿ ನಡೆಯುತ್ತವೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್ ಹಿಡಿದರೆ ಖಾರಘರ. ಸಂಜೆ ಕಮಿಟಿಯ ಸಭೆ ಇತ್ತು, ಅವಸರದಲ್ಲಿದ್ದೆ. ಹೊರಗೆ ಬರುವಾಗ ಪಟಗ ಸುತ್ತಿದ ಒಬ್ಬ ಮುದುಕ ಕಾಗದಗಳ ಚೀಲ ಹಿಡಿದು ಬಂದವರನ್ನೆಲ್ಲ ಕೇಳುತ್ತಿದ್ದ: ‘ಇಲ್ಲಿ ಯಾರಿಗರ ಕನ್ನಡ ಬರ್ತದೇನ್ರಿ?’

ವಾಚು ನೋಡಿಕೊಂಡೆ. ನಾಲ್ಕು ಹೆಜ್ಜೆ ಮುಂದೆ ಹೋದದ್ದೂ ನಿಜ. ಅವನ ದನಿಯಲ್ಲಿ ಏನೋ ಬೆಟಗೇರಿಯ ಓಣಿ ಕೇಳಿದಂತಾಯಿತು. ತಿರುಗಿ ಬಂದೆ. ವಿಜಯಪುರ ಜಿಲ್ಲೆಯವರು. ಹೆಂಡತಿಗೆ ಕಾಯಿಲೆ. ಯಾವ ಕಾಗದ ಯಾವ ಕಿಟಕಿಗೆ ಎಂದು ತಿಳಿಯದೆ ಬೆಳಿಗ್ಗೆಯಿಂದ ನಿಂತಿದ್ದರು. ಫಾರಂ ತುಂಬುವುದು, ಸಾಲಿನಲ್ಲಿ ನಿಲ್ಲುವುದು, ಡಾಕ್ಟರ ಹಿಂದಿ ಕನ್ನಡ ಮಾಡಿ ಹೇಳುವುದು ನನಗೆ ಬರುತ್ತಿದ್ದ ಕೆಲಸ. ಬ್ಯಾಂಕಿನಲ್ಲಿ 38 ವರ್ಷ ಮಾಡಿದ್ದು ಬೇರೇನು? ಎಲೀಯನಿಗೆ ದೇವರು ಬಿರುಗಾಳಿ, ಭೂಕಂಪ, ಬೆಂಕಿಯಲ್ಲಿ ಸಿಗಲಿಲ್ಲ, ಆಮೇಲಿನ ಮೆಲುದನಿಯಲ್ಲಿ ಸಿಕ್ಕ ಎಂದು ಓದಿದ್ದೇನೆ. ಆ ದನಿಗೆ ಹುಬ್ಬಳ್ಳಿ-ವಿಜಯಪುರದ ಕನ್ನಡ ಬರುತ್ತದೆ ಎಂದು ತಿಳಿದಿರಲಿಲ್ಲ. ಕಮಿಟಿಯ ಸಭೆ ತಪ್ಪಿತು. ಕಮಿಟಿಗೇನೂ ನಷ್ಟವಾಗಲಿಲ್ಲ.

ಈಗ ವಾರಕ್ಕೆರಡು ದಿನ ಹೋಗುತ್ತೇನೆ. ಇದನ್ನು ದೊಡ್ಡದು ಮಾಡಿ ಹೇಳುವಂಥದ್ದೇನೂ ಇಲ್ಲ. ಮಳೆ ಜೋರಿದ್ದ ದಿನ, ಮೊಣಕಾಲು ನೋಯುವ ದಿನ ತಪ್ಪಿಸಿದ್ದೂ ಇದೆ. ಇದು ದೇವರ ಚಿತ್ತವೇ ಎಂದು ಎದೆ ತಟ್ಟಿ ಹೇಳಲು ಈಗ ಧೈರ್ಯವಿಲ್ಲ. ಸಹಿ ಹೊಂದುತ್ತದೆ ಅನ್ನಿಸುತ್ತದೆ, ಖರ್ಚು ನನ್ನ ಖಾತೆಗೇ ಬೀಳುತ್ತದೆ, ತಂಗಿಯನ್ನು ಕೇಳಿದೆ, ‘ಹೋಗು, ಅವ್ವ ಇದ್ದಿದ್ರ ಕಳಿಸ್ತಿದ್ಳು’ ಎಂದಳು. ಇಷ್ಟರ ಮೇಲೆ ನಡೆಯುತ್ತಿದ್ದೇನೆ.

ಒಂದು ಸಲ ಆ ಮುದುಕನೇ ನನ್ನ ಕೈ ಹಿಡಿದು, ‘ಸಾಹೇಬ್ರ, ದೇವರು ನಮಗ್ಯಾಕ ಹಿಂಗ ಮಾಡ್ಯಾನ?’ ಎಂದು ಕೇಳಿದ. ‘ಎಲ್ಲಾ ಅವನ ಚಿತ್ತ’ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ನನ್ನ ಸ್ವಂತ ನಿರ್ಧಾರಕ್ಕೆ ಆ ಸಹಿ ಹಾಕಿ ಒಮ್ಮೆ ಕೆಟ್ಟಿದ್ದೇನೆ, ಇನ್ನೊಬ್ಬನ ಸಂಕಟದ ಮೇಲೆ ಹಾಕಲು ನಾನು ಯಾರು? ಲೆಕ್ಕ ಹೊಂದದ ರಕಮುಗಳನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಿದ್ದೆವು. ಬಾಯಿಗೆ ಬಂದ ತಲೆಬರಹ ಕೊಟ್ಟು ಮುಗಿಸುವಂತಿಲ್ಲ, ಮರೆಯುವಂತೆಯೂ ಇಲ್ಲ. ‘ಗೊತ್ತಿಲ್ರಿ ಯಜಮಾನ್ರ’ ಎಂದೆ. ಅವನ ಜೊತೆ ಬೆಂಚಿನ ಮೇಲೆ ಕೂತೆ. ಇಬ್ಬರೂ ಚಹಾ ಕುಡಿದೆವು.

ರಾತ್ರಿ ಪ್ರಾರ್ಥನೆಗೆ ಕೂತಾಗ ಈಗಲೂ ಏನಾದರೊಂದು ಕೇಳುತ್ತೇನೆ, ಏನೋ ಒಂದು ಉತ್ತರ ಹೊಳೆದಂತೆ ಆಗುತ್ತದೆ. ಒಡನೆ ರೊಟ್ಟಿ ಬಡಿಯುವ ಸಪ್ಪಳದ ನಡುವೆ ಅವ್ವನ ಪ್ರಶ್ನೆ ಕೇಳಿಸುತ್ತದೆ. ಮೊದಲು ಅದಕ್ಕೆ ಉತ್ತರ ಕೊಟ್ಟು, ಆಮೇಲೆ ‘ಆಮೆನ್’ ಎನ್ನುತ್ತೇನೆ.