ಗೋಲಿಯಿಲ್ಲದ ಗೋಲು

‘ಆಟದಲ್ಲಿ ರಾಜಕೀಯ ಬೆರೆಸಬೇಡಿ’ ಎಂಬುದು ಕೇಳಲು ಹಿತವಾದ ಮಾತು. ಆದರೆ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆ ಎಂದು ನೋಡದೆ ತಲೆಯಾಡಿಸಲು ನನ್ನಿಂದಾಗದು. 1973ರ ನವೆಂಬರ್ 21ರಂದು ಚಿಲಿಯ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಫುಟ್‌ಬಾಲ್ ಪಂದ್ಯವೇ ಇದಕ್ಕೆ ಕಾರಣ.

ಅದನ್ನು ಪಂದ್ಯ ಎನ್ನುವುದೂ ಕಷ್ಟ. ಎದುರಾಳಿ ಸೋವಿಯತ್ ಒಕ್ಕೂಟದ ತಂಡ ಬಂದಿರಲೇ ಇಲ್ಲ. ಚಿಲಿಯ ಆಟಗಾರರು ಚೆಂಡನ್ನು ತಮ್ಮತಮ್ಮಲ್ಲೇ ದಾಟಿಸುತ್ತ ಮುಂದೆ ಹೋದರು. ನಾಯಕ ಫ್ರಾನ್ಸಿಸ್ಕೊ ವಾಲ್ಡೆಸ್ ಅದನ್ನು ಗೋಲಿಯಿಲ್ಲದ ಗೋಲಿನೊಳಕ್ಕೆ ತಳ್ಳಿದರು. ಚಿಲಿ 1974ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 11ರಂದು, ಚುನಾಯಿತ ಅಧ್ಯಕ್ಷ ಸಾಲ್ವಡೋರ್ ಅಲೆಂಡೆ ಅವರ ಸರ್ಕಾರವನ್ನು ಸೇನೆ ಉರುಳಿಸಿತ್ತು. ಅಧಿಕಾರಕ್ಕೆ ಬಂದ ಜನರಲ್ ಪಿನೊಚೆಯ ಆಡಳಿತ ಇದೇ ರಾಷ್ಟ್ರೀಯ ಕ್ರೀಡಾಂಗಣವನ್ನು ಸೆರೆಮನೆ ಮಾಡಿಕೊಂಡು ಸಾವಿರಾರು ಜನರನ್ನು ಕೂಡಿಹಾಕಿತು, ಚಿತ್ರಹಿಂಸೆ ಕೊಟ್ಟಿತು, ಕೆಲವರನ್ನು ಕೊಂದಿತು. ಆ ನೆಲದಲ್ಲಿ ಆಡುವುದಿಲ್ಲ, ಬೇರೆ ದೇಶದಲ್ಲಿ ಆಡಿಸಿ ಎಂದಿತು ಸೋವಿಯತ್ ಒಕ್ಕೂಟ. ಅಕ್ಟೋಬರ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯೋಗ ಬಂದು ನೋಡಿತು. ಬಂದಿಗಳಿನ್ನೂ ಅಲ್ಲೇ ಇದ್ದರು, ಕಣ್ಣಿಗೆ ಬೀಳದಂತೆ ಅವರನ್ನು ಒಳಗೆ ಅಡಗಿಸಿಡಲಾಗಿತ್ತು. ಪಂದ್ಯಕ್ಕೆ ಅಡ್ಡಿಯಿಲ್ಲ ಎಂದು ನಿಯೋಗ ವರದಿ ಕೊಟ್ಟಿತು.

ಇವರಲ್ಲಿ ರಾಜಕೀಯ ಮಾಡಿದವರು ಯಾರು? ಬರುವುದಿಲ್ಲ ಎಂದವರು ಎಂಬುದು ಸುಲಭದ ಉತ್ತರ. ಸೋವಿಯತ್ ಒಕ್ಕೂಟವೇನೂ ಶುದ್ಧಹಸ್ತವಾಗಿರಲಿಲ್ಲ; 1968ರಲ್ಲಿ ಪ್ರಾಗ್ ನಗರಕ್ಕೆ ಟ್ಯಾಂಕುಗಳನ್ನು ನುಗ್ಗಿಸಿದ್ದು ಅದೇ. ಆದರೆ ಹೇಳಿದವನ ಕೈ ಕೊಳೆಯಾಗಿದೆ ಎಂದ ಮಾತ್ರಕ್ಕೆ ಅವನು ತೋರಿಸಿದ ಸೆರೆಮನೆ ಸುಳ್ಳಾಗುವುದಿಲ್ಲ. ಫಿಫಾ ಹುಲ್ಲನ್ನಷ್ಟೇ ನೋಡಿ ಗ್ಯಾಲರಿಯ ಕೆಳಗಿದ್ದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ, ತಟಸ್ಥತೆಯ ಹೆಸರಿನಲ್ಲೇ ಒಂದು ಪಕ್ಷ ಸೇರಿತ್ತು.

ಸರ್ವಾಧಿಕಾರಿಗಳಿಗೆ ಫುಟ್‌ಬಾಲ್ ಏಕೆ ಅಷ್ಟು ಇಷ್ಟ? ಯಾರೂ ಬಲವಂತ ಮಾಡದೆ ಅಲ್ಲಿ ಜನ ಸೇರುತ್ತಾರೆ, ಬಾವುಟ ಹಿಡಿಯುತ್ತಾರೆ, ಮನಸಾರೆ ಕೂಗುತ್ತಾರೆ. ಆ ಪ್ರೀತಿಯನ್ನು ತನ್ನ ಖಾತೆಗೆ ಬರೆದುಕೊಳ್ಳುವುದು ಆಳುವವನಿಗೆ ಸಲೀಸು. ತಮ್ಮ ನೆಲದಲ್ಲಿ ವಿಶ್ವಕಪ್ ನಡೆದಾಗ 1934ರಲ್ಲಿ ಇಟಲಿಯ ಮುಸೊಲಿನಿ, 1978ರಲ್ಲಿ ಅರ್ಜೆಂಟೀನಾದ ಸೇನಾಡಳಿತ ಮಾಡಿದ್ದೂ ಅದನ್ನೇ. ಆಗ ಯಾರೂ ರಾಜಕೀಯ ಬೆರೆಯಿತು ಎಂದು ವಿಶ್ವಕಪ್ ನಿಲ್ಲಿಸಲಿಲ್ಲ.

ಆಟಗಾರನ ಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅವನಿಗೆ ಬೇಕಾಗಿರುವುದು ಆಟ. ಅವನ ಮೇಲೆ ವೀರತನ ಹೇರುವ ಹಕ್ಕು ನಮಗಿಲ್ಲ. ಚಿಲಿಯ ಆಟಗಾರ ಕಾರ್ಲೊಸ್ ಕಾಸೆಲಿ ಎಡಪಂಥೀಯರು. ಅಂದಿನ ಆ ಪಂದ್ಯದಲ್ಲಿ ಅವರೂ ಇದ್ದರು. ಆದರೆ 1974ರಲ್ಲಿ ವಿಶ್ವಕಪ್‌ಗೆ ಹೊರಟ ತಂಡವನ್ನು ಬೀಳ್ಕೊಡಲು ಪಿನೊಚೆ ಬಂದಾಗ ಅವರು ಕೈ ಕುಲುಕಲಿಲ್ಲ. ಅವರ ತಾಯಿಯನ್ನೂ ಆ ಆಡಳಿತ ಹಿಡಿದು ಹಿಂಸಿಸಿತು. ಪಿನೊಚೆಯೇ ಮುಂದುವರಿಯಬೇಕೇ ಎಂಬ 1988ರ ಜನಮತಗಣನೆಗೆ ಮುನ್ನ, ಟಿವಿ ಪ್ರಚಾರದಲ್ಲಿ ಒಬ್ಬ ಹೆಂಗಸು ತಾನು ಅನುಭವಿಸಿದ ಹಿಂಸೆಯನ್ನು ಹೇಳಿಕೊಂಡರು. ಬಳಿಕ ಕಾಸೆಲಿ ಕಾಣಿಸಿಕೊಂಡು, ಈಕೆ ನನ್ನ ತಾಯಿ ಎಂದರು.

ಆಟದಿಂದ ಬಂದ ಖ್ಯಾತಿಯನ್ನು ಅವರು ಹೀಗೆ ಬಳಸಿದ್ದು ರಾಜಕೀಯವೇ, ಅನುಮಾನವಿಲ್ಲ. ಕ್ರೀಡಾಂಗಣವನ್ನು ಸೆರೆಮನೆ ಮಾಡಿದ್ದೂ ರಾಜಕೀಯವೇ. ಎರಡನ್ನೂ ಒಂದೇ ಮಾತಿನಿಂದ ಹೊರಗಟ್ಟುವ ನಿಯಮ ನ್ಯಾಯದ ನಿಯಮವಲ್ಲ. 1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಚಿಲಿಯ ಬಹುಮತ ಪಿನೊಚೆ ಬೇಡ ಎಂದು ಮತ ಹಾಕಿತು.