ಬಲಪ್ರಯೋಗದ ಬೆಲೆ ಯಾರ ಪಾಲಿಗೆ?

ಬಲವನ್ನು ಪ್ರಯೋಗಿಸುವ ಅಧಿಕಾರ ಮನುಷ್ಯನಿಗೆ ಯಾವಾಗ ಒದಗುತ್ತದೆ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ರಾಜ್ಯ, ದಂಡನೀತಿ, ಯುದ್ಧಗಳ ಸಂದರ್ಭದಲ್ಲಿ ಕೇಳುತ್ತೇವೆ. ಹಿಂದೂಪುರದ ನಮ್ಮ ಮನೆಯಂಗಳದಲ್ಲಿ ಅದು ಎದುರಾದದ್ದು ಹಳೆಯ ಅಂಬಾಸಿಡರ್ ಕಾರಿನ ಬ್ರೇಕಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಒಂದು ಸಣ್ಣ ತಿರುಪಿನ ಮುಂದೆ.

ನಮ್ಮ ಅನಂತಪುರ ಸೀಮೆ ಮಳೆಗೆ ಬಡವಾದದ್ದು. ವರ್ಷದ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಇಂಥ ಒಣನೆಲದಲ್ಲಿ ಇಷ್ಟು ತುಕ್ಕು ಎಲ್ಲಿಂದ ಬಂತು? ಕಾರು ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಕಬ್ಬಿಣ, ಪಸೆ, ಆಮ್ಲಜನಕ ಸೇರಿ ಹುಟ್ಟುವ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ತಿರುಪಿನ ಎಳೆಗಳ ನಡುವೆ ಆ ಸ್ಥಳ ಸಿಗದೆ ಅಲ್ಲಿಯೇ ಬಿಗಿಯುತ್ತದೆ. ನಾವು ಹಟವೆಂದು ಬಗೆಯುವುದು ಎಷ್ಟೋ ಸಲ ಇಂಥ ಇಕ್ಕಟ್ಟೇ ಆಗಿರುತ್ತದೆ.

ಅನುಭವಿಗಳ ಕ್ರಮ ಸರಳವಾದುದು. ಮೊದಲು ತಂತಿಯ ಬ್ರಷ್ಷಿನಿಂದ ಎಳೆಗಳನ್ನು ಶುಚಿಮಾಡಬೇಕು. ತೆಳುವಾದ ಎಣ್ಣೆ ಹನಿಸಿ ರಾತ್ರಿಯಿಡೀ ಬಿಡಬೇಕು. ಆ ಎಣ್ಣೆ ಬ್ರೇಕಿನ ಲೈನಿಂಗಿಗೆ ತಾಗಬಾರದು. ಬಳಿಕ ಮೆಲ್ಲಗೆ ತಟ್ಟಿ, ಸರಿಯಾಗಿ ಕೂರುವ ಸ್ಪ್ಯಾನರ್ ಹಿಡಿದು, ಬಿಚ್ಚುವ ಮುನ್ನ ಕೂದಲೆಳೆಯಷ್ಟು ಬಿಗಿಮಾಡಬೇಕು. ತುಸು ಹಿಂದೆ, ತುಸು ಮುಂದೆ. ಬಿಡುಗಡೆ ಹೀಗೆಯೇ ಬರುತ್ತದೆ. ಬೇರೆಡೆಯ ಬೋಲ್ಟುಗಳಿಗೆ ಬೆಂಕಿಯ ಕಾವು ಕೊಡುವುದುಂಟು. ಬ್ರೇಕಿನ ದ್ರವ, ರಬ್ಬರುಗಳ ಸಮೀಪದಲ್ಲಿ ಅದು ಅಪಾಯಕರ.

ಇದೆಲ್ಲ ನಮಗೆ ತಿಳಿದಿತ್ತು. ಆದರೆ ಮರುದಿನ ಕಲ್ಯಾಣದುರ್ಗದಲ್ಲಿ ಬಂಧುಗಳ ಮದುವೆ. ಮುಂದಿನ ಚಕ್ರದ ಹಳೆಯ ರಬ್ಬರ್ ಹೋಸನ್ನು ಬದಲಿಸಿದ್ದೆವು. ಒಳಹೊಕ್ಕ ಗಾಳಿಯನ್ನು ಹೊರಹಾಕಲು ಬ್ಲೀಡರ್ ನಿಪ್ಪಲನ್ನು ಸಡಿಲಿಸಬೇಕಿತ್ತು. ಸಂಜೆಯಾಗುತ್ತಿದ್ದಂತೆ ಸಹನೆ ಕರಗಿತು. ಸ್ಪ್ಯಾನರಿಗೆ ಕೊಳವೆಯೊಂದನ್ನು ಸಿಕ್ಕಿಸಿ ಒತ್ತಿದೆವು. ನಿಪ್ಪಲ್ ಬುಡದಲ್ಲೇ ಮುರಿಯಿತು.

ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಉಳಿದರೆ ಪೆಡಲ್ ಮೆತ್ತೆಯಂತೆ ಒಳಸರಿಯುತ್ತದೆ, ಕಾರು ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಆದರೂ ನಮ್ಮಲ್ಲೊಂದು ದನಿ ಎದ್ದಿತು: "ಉಳಿದ ಮೂರು ಚಕ್ರಗಳಿವೆಯಲ್ಲ, ನಿಧಾನವಾಗಿ ಹೋದರಾಯಿತು. ಹಿರಿಯರಿಗೆ ಹೇಳಿ ಗಾಬರಿಪಡಿಸುವುದೇಕೆ?" ನಿಜವಾದ ಧರ್ಮಸಂಕಟ ಹುಟ್ಟಿದ್ದು ಆಗ. ಮುರಿದ ಕೈ ನಮ್ಮದು. ಅದರ ಬೆಲೆ ತೆರಬೇಕಾಗುತ್ತಿದ್ದವರು ಹಿಂದಿನ ಆಸನದಲ್ಲಿ ನಂಬಿ ಕೂರುವ ಮಕ್ಕಳು, ರಸ್ತೆಯಂಚಿನಲ್ಲಿ ಶೇಂಗಾ ಒಣಹಾಕುವ ತಾಯಂದಿರು, ಕುರಿ ಹೊಡೆದುಕೊಂಡು ಹೋಗುವ ಹುಡುಗರು. ನಮ್ಮ ಆತುರದಲ್ಲಿ ಅವರ ಪಾಲೇನೂ ಇರಲಿಲ್ಲ.

ನಮ್ಮ ನೆರೆಯ ಲೇಪಾಕ್ಷಿಯ ತೂಗುಕಂಬದ ವಿಷಯದಲ್ಲಿ ಜನ ಒಂದು ಕಥೆ ಹೇಳುತ್ತಾರೆ. ಕಂಬದ ಗುಟ್ಟನ್ನರಿಯಲು ಬ್ರಿಟಿಷ್ ಎಂಜಿನಿಯರೊಬ್ಬ ಅದನ್ನು ಕದಲಿಸಹೋದಾಗ ಮಂಟಪದ ಉಳಿದ ಭಾಗಗಳೂ ಅಲುಗಿದವಂತೆ. ಕಥೆ ಎಷ್ಟು ನಿಜವಾದರೂ ಆಗಿರಲಿ, ಅದರೊಳಗಿನ ವಿವೇಕ ದೊಡ್ಡದು: ನಾವು ಒತ್ತುವುದು ಒಂದೆಡೆ, ಭಾರ ಬೀಳುವುದು ಮತ್ತೊಂದೆಡೆ.

ಹಾಗೆಂದು ಬಲವೇ ಪಾಪವೆಂದು ನಾವು ಹೇಳಲಾರೆವು. ಎಣ್ಣೆಗೂ ಕಾಲಕ್ಕೂ ಬಗ್ಗದ ಬೋಲ್ಟನ್ನು ಕತ್ತರಿಸಿ ತೆಗೆಯಲೇಬೇಕಾದ ಘಳಿಗೆಯೂ ಬರುತ್ತದೆ. ಆದರೆ ಬಲ ಹಾಕುವವರು ಅದಕ್ಕೆ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ಮುರಿದರೆ ಕಷ್ಟ ಯಾರಿಗೆ? ಉತ್ತರ "ನಮಗೆ" ಎಂದಿದ್ದರೆ ಒತ್ತಬಹುದು. "ಇತರರಿಗೆ" ಎಂದಿದ್ದರೆ ಕಾಯಬೇಕು; ಮುರಿದೇಹೋದರೆ ಬಾಯಿಬಿಟ್ಟು ಹೇಳಬೇಕು. ಮುರಿದದ್ದು ಪ್ರಮಾದ, ಮುಚ್ಚಿಡುವುದು ಅಪರಾಧ. ಮನೆಯ ಮಾತಿಗೂ ಸಂಘದ ಕಾರ್ಯಕ್ಕೂ ಇದೇ ನ್ಯಾಯ ಸಲ್ಲುತ್ತದೆ.

ಅಂದು ಹಿರಿಯರಿಗೆ ಹೇಳಿದೆವು, ಬೈಸಿಕೊಂಡೆವು. ಮದುವೆಗೆ ಎಲ್ಲರೂ ಬಸ್ಸಿನಲ್ಲಿ ಹೋದೆವು, ಮುಹೂರ್ತ ತಪ್ಪಿತು. ಮುಂದೆ ಆ ಚಕ್ರದ ಸಿಲಿಂಡರನ್ನೇ ಬದಲಿಸಿ, ಗಾಳಿ ತೆಗೆದು, ನವದಂಪತಿಗಳನ್ನು ಹರಸಲು ಅದೇ ಕಾರಿನಲ್ಲಿ ಕಲ್ಯಾಣದುರ್ಗಕ್ಕೆ ಹೊರಟೆವು. ಊರು ಇನ್ನೂ ದೂರವಿರುವಾಗಲೇ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂದಿತು. ಕಾರು ನಿಂತಿತು.